ಎದೆಗೆ ಪೆಟ್ಟು, ಗಂಟಲಲ್ಲಿ ಟ್ಯೂಬು: ಎರಡು ಗಡಿಯಾರದ ಲೆಕ್ಕ

ವೆಂಟಿಲೇಟರ್‌ಗೆಂದು ಗಂಟಲಿಗೆ ಟ್ಯೂಬ್ ಹಾಕಿ 48 ಗಂಟೆ ಕಳೆದ ಮೇಲೆ ಬರುವ ನ್ಯುಮೋನಿಯಾಕ್ಕೆ (ಶ್ವಾಸಕೋಶದ ಸೋಂಕು) ವಿಎಪಿ, ಅಂದರೆ ವೆಂಟಿಲೇಟರ್-ಅಸೋಸಿಯೇಟೆಡ್ ನ್ಯುಮೋನಿಯಾ, ಅಂತಾರೆ. ಈ ಸಾಲು ನಮಗೆಲ್ಲ ಬಾಯಿಪಾಠ. ಆ 48 ಗಂಟೆ ಎಲ್ಲಿಂದ ಎಣಿಸಬೇಕು ಅನ್ನೋದರಲ್ಲೇ ನಾನು ಮತ್ತೆ ಮತ್ತೆ ಎಡವಿದೆ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಸೋಮವಾರ ಬೆಳಿಗ್ಗೆ 6ಕ್ಕೆ ಮದ್ದೂರಿನ ಹತ್ತಿರ ಬೈಕ್ ಅಪಘಾತ. ಪಕ್ಕೆಲುಬು ಮುರಿದಿದೆ, ತಲೆಗೂ ಏಟು. 8ಕ್ಕೆ ಮಂಡ್ಯದಲ್ಲಿ ಟ್ಯೂಬ್ ಹಾಕಿದರು. ಮಧ್ಯಾಹ್ನ 2ಕ್ಕೆ ಮೈಸೂರಿನ ಐಸಿಯುಗೆ ಬಂದರು. ನಾನು 2ರಿಂದ ಎಣಿಸುತ್ತಿದ್ದೆ. ತಪ್ಪು. ಟ್ಯೂಬಿನ ಗಡಿಯಾರ ಮಂಡ್ಯದಲ್ಲೇ ಓಡಲು ಶುರುವಾಗಿದೆ. ಬುಧವಾರ ಬೆಳಿಗ್ಗೆ 8 ದಾಟಿದರೆ ವಿಎಪಿ ಲೆಕ್ಕ. ಅದಕ್ಕೇ ರೆಫರಲ್ ಚೀಟಿಯಲ್ಲಿ ಮೊದಲು ಟ್ಯೂಬ್ ಹಾಕಿದ ಹೊತ್ತು ಹುಡುಕಿ.

ಇನ್ನೊಂದು ಗಡಿಯಾರ ಪೆಟ್ಟಿನದು, 6ಕ್ಕೆ ಶುರು. ಎದೆಗೆ ಜೋರು ಏಟು ಬಿದ್ದರೆ ಶ್ವಾಸಕೋಶವೇ ಜಜ್ಜಿಹೋಗಿ ಒಳಗೆ ರಕ್ತ, ನೀರು ತುಂಬುತ್ತೆ. ಎಕ್ಸ್‌ರೇಯಲ್ಲಿ ಅದೂ ಬೆಳ್ಳಗೆ, ನ್ಯುಮೋನಿಯಾನೂ ಬೆಳ್ಳಗೆ! ಜ್ವರ ಬರೋದು, ಬಿಳಿ ರಕ್ತಕಣ ಏರೋದು ಸೋಂಕಿಲ್ಲದೆ ಬರೀ ಪೆಟ್ಟಿಗೂ ಆಗುತ್ತೆ. ಹಾಗಾಗಿ ಹೊತ್ತು ನೋಡಿ. ಜಜ್ಜಿದ ಕಲೆ ಸಾಮಾನ್ಯವಾಗಿ ಮೊದಲ 24 ಗಂಟೆಯೊಳಗೆ ಕಾಣಿಸಿಕೊಂಡು, 48–72 ಗಂಟೆ ಹೊತ್ತಿಗೆ ತಿಳಿಯಾಗತೊಡಗುತ್ತೆ. ಗುರುವಾರ ಹೊಸ ಕಲೆ ಮೂಡಿತೋ, ಮಾಸಬೇಕಾದ್ದು ದಟ್ಟವಾಯಿತೋ, ಜೊತೆಗೆ ಸಕ್ಷನ್‌ನಲ್ಲಿ (ಟ್ಯೂಬಿನೊಳಗಿಂದ ಕಫ ಹೀರಿ ತೆಗೆಯುವಾಗ) ಹಳದಿ ಗಟ್ಟಿ ಕಫ ಬಂದು ಆಕ್ಸಿಜನ್ ಹೆಚ್ಚಿಸಬೇಕಾಯಿತೋ, ಆಗ ವಿಎಪಿ ಅನುಮಾನ. ಹೊಸ ಆಂಟಿಬಯಾಟಿಕ್ ಕೊಡುವ ಮುಂಚೆ ಕಫ ಕಲ್ಚರಿಗೆ (ರೋಗಾಣು ಬೆಳೆಸಿ ಗುರುತಿಸುವ ಪರೀಕ್ಷೆಗೆ) ಹೋಗಬೇಕು. ಪ್ರಜ್ಞೆ ತಪ್ಪಿದಾಗ ವಾಂತಿ ಶ್ವಾಸಕೋಶಕ್ಕೆ ಇಳಿದಿದ್ದರೂ ಮೊದಲ ದಿನಗಳಲ್ಲೇ ಕಲೆ ಬರುತ್ತೆ, ಅದನ್ನೂ ಮರೆಯಬೇಡಿ.

ಸೋಂಕು ಶ್ವಾಸಕೋಶಕ್ಕೆ ಇಳಿಯುವ ದಾರಿ: ಟ್ಯೂಬಿನ ಬಲೂನಿನ ಮೇಲೆ ಬಾಯಿನೀರು ನಿಂತು, ಪಕ್ಕದಿಂದ ಜಿನುಗುತ್ತೆ. (ಬಲೂನಿಗೆ ಕಫ್ ಅಂತ ಹೆಸರು. ಕಫದ ಜೊತೆ ಗಲಿಬಿಲಿ ಆಗುತ್ತೆ ಅಂತ ನಾನು ಬಲೂನು ಅಂತಲೇ ಬರೀತೀನಿ.) ಅದನ್ನು ತಡೆಯಲು ಬಲೂನಿನ ಒತ್ತಡ 20–30 ಸೆಂ.ಮೀ. ನೀರು (ಇದು ಒತ್ತಡದ ಅಳತೆ), ತಲೆಭಾಗ 30–45 ಡಿಗ್ರಿ ಎತ್ತರ ಇರಬೇಕು. ಬೆನ್ನುಮೂಳೆಗೆ ಪೆಟ್ಟಾಗಿರಬಹುದು ಅಂದರೆ ಸೊಂಟದ ಹತ್ತಿರ ಬಗ್ಗಿಸುವ ಹಾಗಿಲ್ಲ. ಇಡೀ ಹಾಸಿಗೆಯನ್ನೇ ಹಲಗೆಯಂತೆ ಓರೆ ಮಾಡಿ ತಲೆ ಮೇಲೆ, ಕಾಲು ಕೆಳಗೆ ಇಡಬೇಕು. ದಿನಾ ಹಲ್ಲುಜ್ಜಿಸೋದನ್ನು ಬಿಡಬಾರದು.

ರೋಗಾಣು: ತಲೆಗೆ ಏಟಾದವರಲ್ಲಿ ಮೊದಲ ನಾಲ್ಕು ದಿನದಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಹೆಚ್ಚು; ಐದನೇ ದಿನದಿಂದ ಅಸಿನೆಟೊಬ್ಯಾಕ್ಟರ್, ಸ್ಯೂಡೊಮೊನಾಸ್, ಕ್ಲೆಬ್ಸಿಯೆಲ್ಲಾ ಭಯ. ಔಷಧ ಸಾಮಾನ್ಯವಾಗಿ 7 ದಿನ. ಅದನ್ನು ಈ ಎರಡೂ ಗಡಿಯಾರದಿಂದ ಎಣಿಸಬೇಡಿ; ಸರಿಯಾದ ಔಷಧ ಶುರುವಾದ ದಿನವೇ ಅದಕ್ಕೆ ಮೊದಲ ದಿನ.