ಬೇಸ್ ಸರ್ಕಲ್: ಲೋಬ್‌ನ ಬೆನ್ನಿಗೂ ಒಂದು ಲೆಕ್ಕವಿದೆ

ಎಂಜಿನ್‌ನ ವಾಲ್ವ್‌ಗಳನ್ನು ತೆರೆಯುವ ಶಾಫ್ಟ್, ಅಂದರೆ ಕ್ಯಾಮ್‌ಶಾಫ್ಟ್, ಹೊಸದು ಕೈಗೆ ಬಂದರೆ ಎಲ್ಲರೂ ಮೊದಲು ನೋಡುವುದು ಅದರ ಮೇಲಿನ ಮೊಟ್ಟೆಯಾಕಾರದ ಲೋಬ್‌ನ ಚೂಪು ತುದಿಯನ್ನೇ. ವಾಲ್ವ್ ಎಷ್ಟು ಎತ್ತುತ್ತದೆ, ಎಷ್ಟು ಹೊತ್ತು ತೆರೆದಿರುತ್ತದೆ ಎಂಬ ಮಾತೇ ಜಾಸ್ತಿ. ಒಮ್ಮೆ ಅದೇ ಲೋಬನ್ನು ತಿರುಗಿಸಿ ಬೆನ್ನು ನೋಡಿ. ಏರಿಳಿತವಿಲ್ಲದ ಒಂದು ದುಂಡನೆಯ ಭಾಗ ಕಾಣುತ್ತದೆ. ಆ ಕಮಾನನ್ನು ಪೂರ್ತಿ ವೃತ್ತವಾಗಿ ಊಹಿಸಿಕೊಳ್ಳಿ. ಅದೇ ಬೇಸ್ ಸರ್ಕಲ್. ಲೋಬ್ ಮೇಲೆ ಕೂತು ಏರಿಳಿಯುವ ಲಿಫ್ಟರ್‌ನ ರೋಲರ್ ಈ ಭಾಗದ ಮೇಲೆ ಉರುಳುವಷ್ಟು ಹೊತ್ತೂ ವಾಲ್ವ್ ಮುಚ್ಚಿರುತ್ತದೆ.

ಲೋಬ್‌ನ ತುದಿಯಿಂದ ಬೆನ್ನಿನವರೆಗೆ ಅಳೆದು, ಅದರಲ್ಲಿ ಬೇಸ್ ಸರ್ಕಲ್‌ನ ವ್ಯಾಸ ಕಳೆದರೆ ಲೋಬ್ ಲಿಫ್ಟ್ ಸಿಗುತ್ತದೆ. ಅದನ್ನು ರಾಕರ್ (ವಾಲ್ವನ್ನು ಒತ್ತುವ ಸನ್ನೆ) ಅನುಪಾತದಿಂದ ಗುಣಿಸಿದರೆ ವಾಲ್ವ್ ಲಿಫ್ಟ್. ಅಂದರೆ ಬೇಸ್ ಸರ್ಕಲ್ 35 ಮಿ.ಮೀ. ಇರಲಿ, 30 ಇರಲಿ, ಲೋಬ್ 9 ಮಿ.ಮೀ. ಎತ್ತಿದರೆ ವಾಲ್ವ್‌ಗೆ ಸಿಗುವ ಲಿಫ್ಟ್ ಒಂದೇ. ಹಾಗಿದ್ದರೆ ಈ ವೃತ್ತದ ಅಳತೆಗೆ ಯಾಕಿಷ್ಟು ತಲೆ ಕೆಡಿಸಿಕೊಳ್ಳಬೇಕು?

ಮೊದಲ ಕಾರಣ ಜಾಗ. ಪುಶ್‌ರಾಡ್ ಎಂಬ ಕಡ್ಡಿ ಲಿಫ್ಟರ್‌ನ ಚಲನೆಯನ್ನು ರಾಕರ್‌ಗೆ ಮುಟ್ಟಿಸುವ ಎಂಜಿನ್‌ನಲ್ಲಿ ಕ್ಯಾಮ್‌ಶಾಫ್ಟನ್ನು ಮುಂದಿನಿಂದ ಬೇರಿಂಗ್‌ಗಳ ಒಳಗೆ ತೂರಿಸಬೇಕು. ಲೋಬ್‌ನ ತುದಿ ಜರ್ನಲ್‌ಗಿಂತ (ಬೇರಿಂಗ್‌ನಲ್ಲಿ ಕೂರುವ ಶಾಫ್ಟ್‌ನ ದುಂಡು ಭಾಗ) ಹೊರಗೆ ಚಾಚಿದ್ದರೆ ಶಾಫ್ಟ್ ಒಳಗೇ ಹೋಗುವುದಿಲ್ಲ. ಶೆವ್ರೊಲೆಯ ಸ್ಮಾಲ್ ಬ್ಲಾಕ್ ಎಂಜಿನ್‌ನಲ್ಲಿ ಕ್ಯಾಮ್ ಜರ್ನಲ್‌ನ ವ್ಯಾಸ 1.868 ಇಂಚು, ಅಂದರೆ ಸುಮಾರು 47.4 ಮಿ.ಮೀ. ಅದರ ಅರ್ಧ 23.7. ಲೋಬ್ ಲಿಫ್ಟ್ 8.9 ಮಿ.ಮೀ. ಆದರೆ ಬೇಸ್ ಸರ್ಕಲ್‌ನ ತ್ರಿಜ್ಯಕ್ಕೆ ಉಳಿಯುವುದು ಹೆಚ್ಚೆಂದರೆ 14.8. ಲಿಫ್ಟನ್ನು 10.2ಕ್ಕೆ ಏರಿಸಿದರೆ ಉಳಿಯುವುದು 13.5. ಜಾಸ್ತಿ ಲಿಫ್ಟ್ ಬೇಕು ಅಂದರೆ ಬೆನ್ನಿನ ಕಡೆ ಅರೆದು ಕಡಿಮೆ ಮಾಡಲೇಬೇಕು. ಇದೇ ಎಂಜಿನ್‌ನ 350 ಘನ ಇಂಚಿನ ಬ್ಲಾಕಿಗೆ 3.75 ಇಂಚು ಸ್ಟ್ರೋಕ್‌ನ ಕ್ರ್ಯಾಂಕ್ ಕೂರಿಸಿ 383 ಘನ ಇಂಚು ಮಾಡುವವರಿಗೆ ಇನ್ನೊಂದು ತಾಪತ್ರಯ: ಕನೆಕ್ಟಿಂಗ್ ರಾಡ್‌ನ ಬೋಲ್ಟ್ ಲೋಬ್‌ಗೆ ತಾಗುವಷ್ಟು ಹತ್ತಿರ ಬರುತ್ತದೆ. ಅದಕ್ಕೆಂದೇ ಬೇಸ್ ಸರ್ಕಲ್ ಚಿಕ್ಕದಿರುವ ಕ್ಯಾಮ್‌ಗಳು ಸಿಗುತ್ತವೆ.

ಜನ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಬೇಸ್ ಸರ್ಕಲ್ ಕುಗ್ಗಿದರೆ ಲಿಫ್ಟರ್ ತನ್ನ ಬೋರ್‌ನಲ್ಲಿ ಕೆಳಗೆ ಕೂರುತ್ತದೆ. ಎಷ್ಟು ಕೆಳಗೆ? ವ್ಯಾಸದಲ್ಲಿ ಕಡಿಮೆಯಾದದ್ದರ ಅರ್ಧ. ವ್ಯಾಸ 2.6 ಮಿ.ಮೀ. ಕುಗ್ಗಿದರೆ ಲಿಫ್ಟರ್ 1.3 ಇಳಿಯುತ್ತದೆ. ಪುಶ್‌ರಾಡ್ ಅಷ್ಟೇ ಉದ್ದವಾಗಬೇಕು. ಈ ಲೆಕ್ಕಕ್ಕೆ ರಾಕರ್ ಅನುಪಾತ ಸೇರಿಸಬಾರದು, ಏಕೆಂದರೆ ವ್ಯತ್ಯಾಸ ಆಗಿರುವುದು ಪುಶ್‌ರಾಡ್ ಇರುವ ಬದಿಯಲ್ಲಿ.

ಹೈಡ್ರಾಲಿಕ್ ಲಿಫ್ಟರ್ (ಒಳಗೆ ಎಣ್ಣೆ ತುಂಬಿಕೊಂಡು ಸಡಿಲ ಸರಿದೂಗಿಸುವಂಥದ್ದು) ತಾನೇ ಹೊಂದಿಕೊಳ್ಳುತ್ತದೆ ಅಲ್ವಾ ಎಂದು ನಾನೂ ನಂಬಿದ್ದೆ. ಕ್ಯಾಮ್ ಬದಲಿಸಿ, ಹಳೆಯ ಪುಶ್‌ರಾಡ್‌ಗಳನ್ನೇ ಹಾಕಿ ಸ್ಟಾರ್ಟ್ ಮಾಡಿದೆ. ಟಕ್ ಟಕ್ ಸದ್ದು. ಎಣ್ಣೆ ಕಾದರೆ ಹೋಗಬಹುದು ಎಂದು ಕಾದೆ, ಹೋಗಲಿಲ್ಲ. ಕವರ್ ಬಿಚ್ಚಿ ವಾಲ್ವ್ ಮುಚ್ಚಿದ್ದಾಗ ರಾಕರ್ ಹಿಡಿದು ಅಲ್ಲಾಡಿಸಿದರೆ ಸಡಿಲವಾಗಿ ಆಡುತ್ತಿತ್ತು. ಲಿಫ್ಟರ್‌ನೊಳಗಿನ ಪ್ಲಂಜರ್ ತನ್ನ ಮೇಲಿನ ಕ್ಲಿಪ್‌ಗೆ ಒತ್ತಿಕೊಂಡು ನಿಂತಿತ್ತು. ಅದು ಇನ್ನು ಮೇಲೇರಲು ಜಾಗವೇ ಇರಲಿಲ್ಲ. ಪ್ಲಂಜರ್ ಸಾಮಾನ್ಯವಾಗಿ ಅರ್ಧದಿಂದ ಒಂದು ಮಿ.ಮೀ. ಒಳಗೆ ಒತ್ತಿರಬೇಕು. ಅದೇ ಪ್ರಿಲೋಡ್. ಲಿಫ್ಟರ್ 1.3 ಇಳಿದ ಮೇಲೆ ಆ ಪ್ರಿಲೋಡ್ ಪೂರ್ತಿ ಹೋಗಿರುತ್ತದೆ. ರಾಕರ್ ನಟ್ ಬಿಗಿ ಮಾಡಿ ಸರಿದೂಗಿಸಬಹುದು ನಿಜ. ಆದರೆ ಆಗ ರಾಕರ್‌ನ ತುದಿ ವಾಲ್ವ್ ತಲೆಯ ಮೇಲೆ ಓಡಾಡುವ ಜಾಗ ಬದಲಾಗುತ್ತದೆ. ನನ್ನ ಪ್ರಕಾರ ಸರಿಯಾದ ಉದ್ದದ ಪುಶ್‌ರಾಡ್ ತರಿಸುವುದೇ ಒಳ್ಳೆಯದು.

ಲಿಫ್ಟರ್ ಇಳಿದಾಗ ಇನ್ನೆರಡು ಕಡೆ ಕಣ್ಣಿಡಿ. ಅದರ ಮೈಮೇಲಿನ ಎಣ್ಣೆಯ ಪಟ್ಟಿ ಬ್ಲಾಕಿನ ಎಣ್ಣೆ ದಾರಿಗೆ ಎದುರಾಗಿಯೇ ಇರಬೇಕು. ರೋಲರ್ ಅಡ್ಡ ತಿರುಗದಂತೆ ತಡೆಯುವ ಗೈಡ್, ಲಿಫ್ಟರ್ ಕೆಳಗಿದ್ದಾಗಲೂ ಮೇಲಿದ್ದಾಗಲೂ ಅದನ್ನು ಹಿಡಿದಿರಬೇಕು. ರೋಲರ್ ಒಮ್ಮೆ ಅಡ್ಡವಾದರೆ ಲೋಬ್ ಹಾಳಾಯಿತೆಂದೇ ಲೆಕ್ಕ.

ತೀರಾ ಚಿಕ್ಕ ಬೇಸ್ ಸರ್ಕಲ್‌ಗೆ ಬೇರೆ ಬೆಲೆಯೂ ಇದೆ. ಶಾಫ್ಟ್ ತೆಳ್ಳಗಾಗಿ, ಗಟ್ಟಿ ವಾಲ್ವ್ ಸ್ಪ್ರಿಂಗ್ ಇದ್ದರೆ ಬಾಗುತ್ತದೆ, ತಿರುಚಿಕೊಳ್ಳುತ್ತದೆ. ಅದೇ ಎತ್ತರವನ್ನು ಚಿಕ್ಕ ವೃತ್ತದಿಂದ ಹತ್ತಬೇಕಾದ್ದರಿಂದ ಏರು ಕಡಿದಾಗುತ್ತದೆ. ರೋಲರ್ ಲಿಫ್ಟರನ್ನು ಮೇಲಕ್ಕೆ ತಳ್ಳುವ ಜೊತೆಗೆ ಪಕ್ಕಕ್ಕೂ ಹೆಚ್ಚು ದೂಡುತ್ತದೆ, ಬೋರ್ ಸವೆಯುತ್ತದೆ. ಹಾಗಾಗಿ ಜಾಗ ಇರುವಷ್ಟೂ ದೊಡ್ಡ ಬೇಸ್ ಸರ್ಕಲ್ ಇಟ್ಟುಕೊಳ್ಳುವುದೇ ಜಾಣತನ.

ಪ್ರಿಲೋಡ್ ನೋಡುವಾಗ ಲಿಫ್ಟರ್ ಖಂಡಿತವಾಗಿ ಬೇಸ್ ಸರ್ಕಲ್ ಮೇಲೇ ಇರಬೇಕು. ಕ್ರ್ಯಾಂಕನ್ನು ನಿಧಾನಕ್ಕೆ ತಿರುಗಿಸಿ. ಎಕ್ಸಾಸ್ಟ್ ವಾಲ್ವ್ ತೆರೆಯಲು ಶುರುವಾದ ಕೂಡಲೇ ನಿಲ್ಲಿಸಿ, ಅದೇ ಸಿಲಿಂಡರ್‌ನ ಇಂಟೇಕ್ ನೋಡಿ. ಆಮೇಲೆ ಮತ್ತೆ ತಿರುಗಿಸಿ, ಇಂಟೇಕ್ ಪೂರ್ತಿ ತೆರೆದು ಇನ್ನೇನು ಮುಚ್ಚಲಿದೆ ಎನ್ನುವಾಗ ಎಕ್ಸಾಸ್ಟ್ ನೋಡಿ.