ಅತ್ತಿಮಬ್ಬೆ: ತವರು, ಗಂಡನ ಮನೆ, ದಾನ

ಹತ್ತನೆಯ ಶತಮಾನದ ಜೈನ ದಾನಿ ಅತ್ತಿಮಬ್ಬೆ ಎಂದ ಕೂಡಲೇ ಪರೀಕ್ಷೆಯಲ್ಲಿ ನಾವು ಬರೆಯುವುದು ಮೂರು ಮಾತು: ಕಾವ್ಯವೊಂದರ ಸಾವಿರ ಪ್ರತಿ, 1500 ಜಿನಬಿಂಬ (ಜಿನನ ಮೂರ್ತಿ), ಲಕ್ಕುಂಡಿ ಬಸದಿ. ಎರಡು ಅಂಕದ ಪ್ರಶ್ನೆಗೆ ಇಷ್ಟು ಸಾಕು. ಆದರೆ ಆ ಸಾವಿರ ಪ್ರತಿ ಯಾವ ಕಾವ್ಯದ್ದು, ಅದನ್ನೇ ಯಾಕೆ ಬರೆಸಿದಳು ಎಂದು ಕೇಳಿದರೆ ಉತ್ತರ ಅವಳ ತವರುಮನೆಯಲ್ಲಿದೆ. ಹಾಗಾಗಿ ಮೊದಲು ಮನೆತನ ನೋಡೋಣ.

ಅಜ್ಜ ನಾಗಮಯ್ಯ, ಇಂದಿನ ಆಂಧ್ರದಲ್ಲಿರುವ ವೆಂಗಿ ನಾಡಿನವನು. ಅವನ ಮಕ್ಕಳು ಮಲ್ಲಪ ಮತ್ತು ಪುನ್ನಮಯ್ಯ. ಈ ಅಣ್ಣತಮ್ಮಂದಿರು ತಮ್ಮ ಗುರು ಜಿನಚಂದ್ರರ ನೆನಪಿಗೆ ಒಂದು ಪುರಾಣ ಬರೆಸಬೇಕೆಂದು ಕವಿ ಪೊನ್ನನನ್ನು ಕೇಳಿಕೊಂಡರು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಆಸ್ಥಾನದಲ್ಲಿದ್ದ ಅದೇ ಪೊನ್ನ. ಹಾಗೆ ಹುಟ್ಟಿದ್ದು ಹದಿನಾರನೆಯ ತೀರ್ಥಂಕರನ ಕಥೆ ಹೇಳುವ ಶಾಂತಿಪುರಾಣ. ಮುಂದೆ ಪುನ್ನಮಯ್ಯ ಕಾವೇರಿ ದಡದ ಕಾಳಗವೊಂದರಲ್ಲಿ ಸತ್ತ. ಮಲ್ಲಪನ ಮಗಳೇ ಅತ್ತಿಮಬ್ಬೆ. ಅಂದರೆ ಅವಳು ಸಾವಿರ ಪ್ರತಿ ಮಾಡಿಸಿದ್ದು ಅಪ್ಪ, ಚಿಕ್ಕಪ್ಪ ಸೇರಿ ಬರೆಸಿದ ಕಾವ್ಯವನ್ನು. ಗೈಡುಗಳಲ್ಲಿ ಈ ಎರಡು ಸಂಗತಿ ಬೇರೆ ಬೇರೆ ಪಾಠದಲ್ಲಿ ಬರುತ್ತವೆ, ಒಂದು ಪೊನ್ನನ ಕೆಳಗೆ, ಇನ್ನೊಂದು ರನ್ನನ ಕೆಳಗೆ. ಅದಕ್ಕೇ ಕೊಂಡಿ ತಪ್ಪಿಹೋಗುತ್ತದೆ.

ಇನ್ನು ಗಂಡನ ಮನೆ. 973ರಲ್ಲಿ ರಾಷ್ಟ್ರಕೂಟರನ್ನು ಸೋಲಿಸಿ ಚಾಲುಕ್ಯ ಇಮ್ಮಡಿ ತೈಲಪ ಪಟ್ಟಕ್ಕೆ ಬಂದ. ಅವನ ಮಂತ್ರಿ ದಲ್ಲಪ. ದಲ್ಲಪನ ಮಗ ನಾಗದೇವ, ಸೇನಾಪತಿ. ಅತ್ತಿಮಬ್ಬೆಯನ್ನೂ ಅವಳ ತಂಗಿ ಗುಂಡಮಬ್ಬೆಯನ್ನೂ ಇವನಿಗೇ ಕೊಟ್ಟು ಮದುವೆ ಮಾಡಿದರು. ಅತ್ತಿಮಬ್ಬೆಯ ಮಗ ಅಣ್ಣಿಗದೇವ. ಪಡೆವಳ ತೈಲ ಎಂದೂ ಅವನಿಗೆ ಹೆಸರುಂಟು.

ನಾಗದೇವ ತೀರಿಕೊಂಡಾಗ ಗುಂಡಮಬ್ಬೆ ಚಿತೆ ಏರಿದಳು. ಅತ್ತಿಮಬ್ಬೆ ಏರಲಿಲ್ಲ. ಮಗನನ್ನು ಸಾಕಿಕೊಂಡು, ವ್ರತ ಹಿಡಿದು ಬದುಕಿದಳು. ತಂಗಿ ಹಳೆ ಕಾಲದವಳು, ಅಕ್ಕ ಮುಂದಿನ ಕಾಲದವಳು ಎಂದು ಎಷ್ಟೋ ಜನ ಬರೆಯುತ್ತಾರೆ. ನನಗಂತೂ ಇದು ನಮ್ಮ ಕಾಲದ ಕನ್ನಡಕ ಅನಿಸುತ್ತದೆ. ಜೈನ ಗೃಹಸ್ಥರ ನಡೆ ಹೇಗಿರಬೇಕೆಂದು ಹೇಳುವ ರತ್ನಕರಂಡಕ ಶ್ರಾವಕಾಚಾರ, ಬೆಂಕಿಗೆ ಬೀಳುವುದನ್ನು 'ಲೋಕಮೂಢ' ಎಂದು, ಅಂದರೆ ಮೂಢನಂಬಿಕೆ ಎಂದು ಆಗಲೇ ಎಣಿಸಿತ್ತು. ಅತ್ತಿಮಬ್ಬೆ ಹಿಡಿದ ದಾರಿ ಅವಳ ಧರ್ಮದೊಳಗೇ ಇತ್ತು. ಹೊಸದಾಗಿ ಕಂಡುಹಿಡಿದದ್ದಲ್ಲ.

ದಾನವೂ ಅಷ್ಟೇ. ಜೈನರಲ್ಲಿ ಶ್ರಾವಕರು, ಅಂದರೆ ಗೃಹಸ್ಥರು, ಮಾಡಬೇಕಾದ ದಾನ ನಾಲ್ಕು: ಆಹಾರ, ಔಷಧ, ಅಭಯ, ಶಾಸ್ತ್ರ. ಸಾವಿರ ಪ್ರತಿ ಹಂಚಿದ್ದು ಈ ನಾಲ್ಕನೆಯದರ ಲೆಕ್ಕಕ್ಕೆ ಬರುತ್ತದೆ. 'ಸಾಹಿತ್ಯ ಪೋಷಣೆ' ಎಂದು ಸುಮ್ನೆ ಬರೆದುಬಿಟ್ಟರೆ ಅರ್ಧ ಉತ್ತರವಷ್ಟೇ ಆಗುತ್ತದೆ.

ಸಾವಿರ ಪ್ರತಿ ಎಂದರೆ ಎಷ್ಟು ಕೆಲಸ ಎಂದು ಒಮ್ಮೆ ಯೋಚಿಸಿ. ಆಗ ಓಲೆಗರಿಯೇ ಪುಸ್ತಕ. ಗರಿಯನ್ನು ಹದ ಮಾಡಿ, ಒಣಗಿಸಿ, ಒಂದೇ ಅಳತೆಗೆ ಕತ್ತರಿಸಿ, ದಾರ ಪೋಣಿಸಲು ತೂತು ಮಾಡಬೇಕು. ಆಮೇಲೆ ಕಬ್ಬಿಣದ ಕಂಟದಿಂದ, ಅಂದರೆ ಚೂಪಾದ ಲೇಖನಿಯಿಂದ, ಅಕ್ಷರ ಕೊರೆಯಬೇಕು. ಕೈಬಲ ಸ್ವಲ್ಪ ಜಾಸ್ತಿಯಾದರೆ ಗರಿ ಸೀಳಿತು. ಕೊರೆದ ಅಕ್ಷರ ಹಾಗೇ ಕಣ್ಣಿಗೆ ಕಾಣುವುದಿಲ್ಲ. ಅದರ ಮೇಲೆ ಮಸಿ ಸವರಿ ಒರೆಸಿದರೆ ಗೀರಿನಲ್ಲಿ ಕಪ್ಪು ನಿಲ್ಲುತ್ತದೆ. ಶಾಂತಿಪುರಾಣದಲ್ಲಿ 12 ಆಶ್ವಾಸಗಳಿವೆ, ಅಂದರೆ ಅಧ್ಯಾಯಗಳು. ಅಷ್ಟನ್ನೂ ಹೀಗೆ ಕೊರೆದು ಮುಗಿಸಿದರೆ ಒಂದು ಪ್ರತಿ. ಒಬ್ಬಿಬ್ಬರು ಲಿಪಿಕಾರರಿಂದ ಆಗುವ ಮಾತಲ್ಲ. ಊಟ, ಕೂಲಿ, ಗರಿ ತರಿಸುವುದು, ತಪ್ಪು ನೋಡುವುದು, ಎಲ್ಲಕ್ಕೂ ಖರ್ಚು ಉಂಟು, ಅಲ್ವಾ? ಇಲ್ಲಿ ಒಂದು ಮಾತು. ಪೊನ್ನನ ಇನ್ನೊಂದು ಕಾವ್ಯ ಭುವನೈಕರಾಮಾಭ್ಯುದಯ ನಮಗೆ ಸಿಕ್ಕಿಲ್ಲ, ಶಾಂತಿಪುರಾಣ ಉಳಿದಿದೆ. ಉಳಿದದ್ದು ಆ ಸಾವಿರ ಪ್ರತಿಗಳಿಂದಲೇ ಎಂದು ಹೇಳಲು ಆಧಾರ ಬೇಕು. ಹೇಳಬೇಕೆಂದು ಆಸೆಯಂತೂ ಆಗುತ್ತದೆ.

ಅಪ್ಪನ ಕಾಲದಲ್ಲಿ ಪೊನ್ನ, ಮಗಳ ಕಾಲದಲ್ಲಿ ರನ್ನ. ಮುಧೋಳದ ಬಳೆಗಾರರ ಮನೆಯ ಈ ಹುಡುಗ ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ ಎರಡನೆಯ ತೀರ್ಥಂಕರನ ಕಥೆ ಅಜಿತಪುರಾಣ ಬರೆದ. ನಾವು ಮೇಲೆ ನೋಡಿದ ಮನೆತನದ ವಿವರಗಳಿಗೆ ಮುಖ್ಯ ಆಧಾರ ಈ ಕಾವ್ಯವೇ. ಅದರಲ್ಲಿ ಅವಳ ನಡತೆಯನ್ನು ರನ್ನ ಬಿಳಿ ಅರಳೆಗೆ, ಗಂಗೆಯ ನೀರಿಗೆ, ಅಜಿತಸೇನ ಮುನಿಯ ಗುಣಗಳಿಗೆ, ಕೊಪಣದ ಬೆಟ್ಟಕ್ಕೆ ಹೋಲಿಸುತ್ತಾನೆ. ಅಜಿತಸೇನರು ರನ್ನನ ಗುರು, ಕೊಪಣ ಎಂದರೆ ಇಂದಿನ ಕೊಪ್ಪಳ, ಆಗ ಜೈನರ ದೊಡ್ಡ ಕ್ಷೇತ್ರ. ನನಗೆ ಇಷ್ಟವಾಗುವುದು ಮೊದಲನೆಯ ಹೋಲಿಕೆ. ಗಂಗೆಯನ್ನು ಯಾವ ಕವಿಯೂ ತರುತ್ತಾನೆ, ಅರಳೆ ಮಾತ್ರ ನಮ್ಮ ಎರೆಹೊಲದ್ದು. ರನ್ನ ಮಗಳಿಗೆ ಅತ್ತಿಮಬ್ಬೆ ಎಂದೂ, ಮಗನಿಗೆ ಇನ್ನೊಬ್ಬ ಆಶ್ರಯದಾತ ಚಾವುಂಡರಾಯನ ನೆನಪಿಗೆ ರಾಯ ಎಂದೂ ಹೆಸರಿಟ್ಟ.

ಎರಡನೆಯ ಆಧಾರ ಗದಗದ ಹತ್ತಿರದ ಲಕ್ಕುಂಡಿಯ ಶಾಸನ, 1007ರದ್ದು. ಆಗ ತೈಲಪನ ಮಗ ಇರಿವಬೆಡಂಗ ಸತ್ಯಾಶ್ರಯನ ಆಳ್ವಿಕೆ. ಊರಿನ ಹಳೆಯ ಹೆಸರು ಲೊಕ್ಕಿಗುಂಡಿ. ಅಲ್ಲಿ ಅವಳು ಕಟ್ಟಿಸಿದ ಬಸದಿಯನ್ನು ಈಗ ಬ್ರಹ್ಮಜಿನಾಲಯ ಎನ್ನುತ್ತಾರೆ. ಹೋದರೆ ಒಳಗಿನ ನಾಲ್ಕು ಮುಖದ ಬ್ರಹ್ಮನನ್ನೂ ಪದ್ಮಾವತಿಯನ್ನೂ ನೋಡದೆ ಬರಬೇಡಿ.

ಶಾಸನದಲ್ಲಿ ಪವಾಡಗಳೂ ಇವೆ. ಗೋದಾವರಿ ಉಕ್ಕಿದಾಗ ಅತ್ತಿಮಬ್ಬೆಯ ಮಹಿಮೆಯಿಂದ ಪ್ರವಾಹ ನಿಂತಿತು ಎಂಬುದು ಅವುಗಳಲ್ಲಿ ಒಂದು. ಉತ್ತರದಲ್ಲಿ ಇದನ್ನು ನಡೆದ ಘಟನೆ ಎಂದು ಬರೆಯಬೇಡಿ, ಹಾಗಂತ ಬಿಟ್ಟೂ ಬಿಡಬೇಡಿ. ರನ್ನ ಅವಳ ಅನ್ನ ಉಂಡ ಕವಿ, ಹೊಗಳುವುದು ಸಹಜ. ಅವನು ಬರೆದು 14 ವರ್ಷಕ್ಕೆ ಕಲ್ಲಿನ ಮೇಲೆ ನದಿಯೇ ಅವಳ ಮಾತು ಕೇಳಿತು ಎಂದು ಕೊರೆಸಿದ್ದಾರೆ. ತನ್ನ ತಲೆಮಾರಿನಲ್ಲೇ ಅವಳು ಜನರ ಪಾಲಿಗೆ ಏನಾಗಿದ್ದಳು ಎಂಬುದಕ್ಕೆ ಆ ಸಾಲುಗಳನ್ನು ಧೈರ್ಯವಾಗಿ ಆಧಾರ ಕೊಡಬಹುದು.