ಟಿಪ್ಪಣಿಯೇ ಆದೇಶವಲ್ಲ

ಕಳೆದ ತಿಂಗಳು ನನ್ನ ಮೇಜಿಗೆ ಮೂರು ಸಂಶೋಧನಾ ಪ್ರಬಂಧಗಳ ಕರಡು ಬಂದವು. ಮೂರೂ ಅಮೆರಿಕದ ಇಂಗ್ಲಿಷ್ ವಸಾಹತುಗಳ ಆಡಳಿತದ ಬಗ್ಗೆ. ಮೂರರಲ್ಲೂ ‘ಬೋರ್ಡ್ ಆಫ್ ಟ್ರೇಡ್ ಆದೇಶಿಸಿತು’ ಎಂಬ ಮಾತು ಪುಟಪುಟಕ್ಕೂ ಇತ್ತು. ಬೋರ್ಡ್ ಆಫ್ ಟ್ರೇಡ್ ಎಂದರೆ ಆ ವಸಾಹತುಗಳ ವ್ಯವಹಾರ ನೋಡಲು ಲಂಡನ್ನಿನಲ್ಲಿದ್ದ ರಾಜನ ಮಂಡಳಿ. ಇಪ್ಪತ್ತು ವರ್ಷಗಳಿಂದ ಈ ಒಂದು ಕ್ರಿಯಾಪದವನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕುತ್ತಿದ್ದೇನೆ. ಹೊಸ ವಿದ್ಯಾರ್ಥಿಗಳು ಬಂದಂತೆಲ್ಲ ಅದೂ ಮರಳಿ ಬರುತ್ತದೆ. ಬೋರ್ಡ್ ಆದೇಶಿಸಲಿಲ್ಲ. ಅದಕ್ಕೆ ಆ ಅಧಿಕಾರವೇ ಇರಲಿಲ್ಲ.

1696ರ ಮೇ 15ರಂದು ಮೂರನೆಯ ವಿಲಿಯಂ ಈ ಮಂಡಳಿಯನ್ನು ನೇಮಿಸಿದ. ರಾಜ್ಯದ ಹಿರಿಯ ಅಧಿಕಾರಿಗಳ ಹೆಸರುಗಳೂ ಅದರ ಪಟ್ಟಿಯಲ್ಲಿದ್ದವು. ನಿಜವಾಗಿ ಕುಳಿತು ಕೆಲಸ ಮಾಡಬೇಕಾದವರು ಮಾತ್ರ ವರ್ಷಕ್ಕೆ ತಲಾ 1,000 ಪೌಂಡ್ ಸಂಬಳದ ಎಂಟು ಸದಸ್ಯರು. ತತ್ತ್ವಜ್ಞಾನಿ ಜಾನ್ ಲಾಕ್ ಆ ಮೊದಲ ಎಂಟು ಮಂದಿಯಲ್ಲಿ ಒಬ್ಬ. ಪತ್ರಗಳನ್ನು ಓದುವುದು, ವಿಚಾರಿಸುವುದು, ಅಭಿಪ್ರಾಯ ಬರೆದು ರಾಜನಿಗೆ ಕಳಿಸುವುದು ಅವರ ಕೆಲಸ. ಆ ಅಭಿಪ್ರಾಯಪತ್ರಕ್ಕೆ ಕಚೇರಿಯಲ್ಲಿ ‘ರೆಪ್ರೆಸೆಂಟೇಷನ್’ ಎನ್ನುತ್ತಿದ್ದರು. ನಾನು ಕನ್ನಡದಲ್ಲಿ ‘ನಿವೇದನೆ’ ಎಂದು ಬರೆಯುತ್ತೇನೆ.

ವರ್ಜೀನಿಯಾದ ಶಾಸನಸಭೆ ಒಂದು ಕಾಯ್ದೆ ಮಾಡಿತು ಎಂದುಕೊಳ್ಳಿ. ಗವರ್ನರ್ ಅದರ ಪ್ರತಿಯನ್ನು ಲಂಡನ್ನಿಗೆ ಕಳಿಸುತ್ತಾನೆ. ಹಡಗು ತಲುಪುವುದಕ್ಕೇ ಎರಡು ತಿಂಗಳು, ಗಾಳಿ ಎದುರಾದರೆ ಇನ್ನೂ ಹೆಚ್ಚು. ಬೋರ್ಡಿನ ಗುಮಾಸ್ತ ಕಾಗದದ ಬೆನ್ನ ಮೇಲೆ ಬಂದ ದಿನ, ಓದಿದ ದಿನ ಎಂದು ಎರಡು ತಾರೀಖು ಬರೆಯುತ್ತಾನೆ. ಕಾಯ್ದೆ ಕಾನೂನು ತಜ್ಞನ ಬಳಿಗೆ ಹೋಗಿ ಬರುತ್ತದೆ. ಅಭ್ಯಂತರವಿದ್ದರೆ ಬೋರ್ಡ್ ನಿವೇದನೆ ಬರೆಯುತ್ತದೆ. ಅದನ್ನು ರಾಜನ ಸಲಹಾ ಮಂಡಳಿಯಾದ ಪ್ರಿವಿ ಕೌನ್ಸಿಲ್‌ನ ಸಮಿತಿ ನೋಡುತ್ತದೆ. ಕೊನೆಗೆ ರಾಜ ತನ್ನ ಕೌನ್ಸಿಲ್‌ನಲ್ಲಿ ಕುಳಿತು ಕಾಯ್ದೆಯನ್ನು ರದ್ದುಪಡಿಸಿದರೆ ಆಗ, ಆಗ ಮಾತ್ರ, ಆದೇಶ ಹುಟ್ಟುತ್ತದೆ. ಹೀಗೆ ಲಂಡನ್ನಿಗೆ ಹೋದ ಸುಮಾರು 8,500 ಕಾಯ್ದೆಗಳಲ್ಲಿ ರದ್ದಾದವು ನೂರಕ್ಕೆ ಐದರಷ್ಟು.

ಕರಡು ತಂದ ಮೂವರಲ್ಲಿ ಒಬ್ಬಳು ಬಹಳ ಶ್ರದ್ಧೆಯ ಹುಡುಗಿ. ಅವಳಿಗೆ ಇದನ್ನು ಮೂರು ಸಲ ವಿವರಿಸಿದೆ. ತಲೆಯಾಡಿಸಿದಳು, ಮನಸ್ಸಿಗೆ ಹತ್ತಲಿಲ್ಲ. ಆಮೇಲೆ ಮಾತಿನ ನಡುವೆ ಅವಳ ತಾಯಿ ತಾಲ್ಲೂಕು ಕಚೇರಿಯಲ್ಲಿ ವಿಷಯ ನಿರ್ವಾಹಕಿ ಎಂದು ಗೊತ್ತಾಯಿತು. “ಅಮ್ಮ ಕಡತದಲ್ಲಿ ಟಿಪ್ಪಣಿ ಬರೆದು ಮಂಡಿಸುತ್ತಾರಲ್ಲ, ಅಷ್ಟಕ್ಕೇ ಖಾತೆ ಬದಲಾಗುತ್ತದೆಯೇ?” ಎಂದು ಕೇಳಿದೆ. “ಇಲ್ಲ ಸರ್, ಸಾಹೇಬರ ಸಹಿ ಆಗಬೇಕು” ಎಂದವಳು ಅಲ್ಲೇ ನಿಲ್ಲಿಸಿ, ತನ್ನ ಕರಡನ್ನು ತಿರುವಿಹಾಕತೊಡಗಿದಳು. ಬೋರ್ಡ್ ಬರೆದದ್ದು ಟಿಪ್ಪಣಿ. ಟಿಪ್ಪಣಿ ಬರೆಯುವವರ ಪ್ರಭಾವ ಕಡಿಮೆಯಲ್ಲ, ಅದು ಅವಳ ಮನೆಯವರಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಸಹಿ ಬೇರೆಯವರದು.

ಅವಳ ಕರಡಿನ ಅತಿ ದೊಡ್ಡ ತಪ್ಪು 1721ರದು. ಆ ವರ್ಷ ಸೆಪ್ಟೆಂಬರ್ 8ರ ತಾರೀಖಿನಲ್ಲಿ ಬೋರ್ಡ್ ವಸಾಹತುಗಳ ಸ್ಥಿತಿಗತಿ ಕುರಿತು ದೀರ್ಘವಾದ ವರದಿಯೊಂದನ್ನು ಕೊಟ್ಟಿತು. ಸನದು, ಅಂದರೆ ರಾಜನ ಹಕ್ಕುಪತ್ರ, ಪಡೆದ ವಸಾಹತುಗಳನ್ನೂ ಖಾಸಗಿ ಒಡೆಯರ ವಸಾಹತುಗಳನ್ನೂ ರಾಜನ ನೇರ ಆಡಳಿತಕ್ಕೆ ತರಬೇಕು, ಎಲ್ಲಕ್ಕೂ ಮೇಲೆ ಒಬ್ಬನೇ ಮಹಾಧಿಕಾರಿ ಇರಬೇಕು ಎಂದು ಅದರಲ್ಲಿತ್ತು. ಓದಲು ಆದೇಶದಷ್ಟೇ ಗಟ್ಟಿಯಾದ ಬರಹ. ಅವಳು ಅದನ್ನು ಆದೇಶವೆಂದೇ ತಿಳಿದು, 1721ರಲ್ಲಿ ಸನದುಗಳು ರದ್ದಾದವು ಎಂದು ಬರೆದುಬಿಟ್ಟಿದ್ದಳು. ಕನೆಕ್ಟಿಕಟ್, ರೋಡ್ ಐಲೆಂಡ್ ವಸಾಹತುಗಳು ಅಮೆರಿಕ ಸ್ವತಂತ್ರವಾಗುವವರೆಗೂ ತಮ್ಮ ಸನದಿನಡಿಯಲ್ಲೇ ತಮ್ಮ ಗವರ್ನರ್‌ಗಳನ್ನು ಆರಿಸಿಕೊಳ್ಳುತ್ತಿದ್ದವು. ಆ ವರದಿ ಜಾರಿಯಾಗಲಿಲ್ಲ.

ಈ ಗೊಂದಲಕ್ಕೆ ವಿದ್ಯಾರ್ಥಿಗಳನ್ನಷ್ಟೇ ದೂರುವುದು ನ್ಯಾಯವಲ್ಲ. ಹೆಸರುಗಳೇ ದಾರಿ ತಪ್ಪಿಸುತ್ತವೆ. 1675ರಲ್ಲಿ ಎರಡನೆಯ ಚಾರ್ಲ್ಸ್ ಇದೇ ಕೆಲಸಕ್ಕೆ ನೇಮಿಸಿದ ಸಮಿತಿಗೆ ‘ಲಾರ್ಡ್ಸ್ ಆಫ್ ಟ್ರೇಡ್’ ಎನ್ನುತ್ತಿದ್ದರು. 1696ರ ಬೋರ್ಡನ್ನೂ ಜನ ಅದೇ ಹೆಸರಿನಿಂದ ಕರೆದರು. ಆದರೆ ಮೊದಲಿನದು ಪ್ರಿವಿ ಕೌನ್ಸಿಲ್‌ನದೇ ಸಮಿತಿ. ಸಲಹೆ ಕೊಟ್ಟವರೇ ಕೌನ್ಸಿಲ್‌ನಲ್ಲಿ ಕುಳಿತು ತೀರ್ಮಾನಕ್ಕೂ ಸೇರುತ್ತಿದ್ದರು. ಹಾಗಾಗಿ ಅವರ ಮಾತಿಗೂ ಆದೇಶಕ್ಕೂ ಅಂತರ ಕಡಿಮೆ. ಮ್ಯಾಸಚೂಸೆಟ್ಸ್‌ನ ಸನದು 1684ರಲ್ಲಿ ನ್ಯಾಯಾಲಯದಲ್ಲಿ ರದ್ದಾಗುವವರೆಗೂ ಅದರ ಬೆನ್ನು ಹತ್ತಿದ್ದು ಆ ಸಮಿತಿ. ಎರಡು ಸಂಸ್ಥೆಗಳನ್ನು ಒಂದೇ ಎಂದು ಓದಿದರೆ ಎಲ್ಲವೂ ಅಡಿಮೇಲಾಗುತ್ತದೆ. ಇವುಗಳ ಪೂರ್ಣ ಹೆಸರಿನಲ್ಲಿ ‘ಟ್ರೇಡ್’ ಜೊತೆಗೆ ಬರುವ ‘ಪ್ಲಾಂಟೇಷನ್ಸ್’ ಎಂಬುದಕ್ಕೆ ಕಾಫಿ ಸೀಮೆಯ ಹುಡುಗನೊಬ್ಬ ‘ತೋಟಗಳು’ ಎಂದು ಅನುವಾದ ಮಾಡಿದ್ದ. ಆ ಕಾಲದ ಇಂಗ್ಲಿಷಿನಲ್ಲಿ ಅದರ ಅರ್ಥ ಹೊಸದಾಗಿ ನೆಲೆಗೊಳಿಸಿದ ವಸಾಹತು.

ಇನ್ನೊಂದು ಕಾರಣ ನಮ್ಮದೇ ಚರಿತ್ರೆ. ಮೈಸೂರು ಯುದ್ಧಗಳನ್ನು ಓದಿದವರಿಗೆ 1784ರ ಬೋರ್ಡ್ ಆಫ್ ಕಂಟ್ರೋಲ್ ಗೊತ್ತಿರುತ್ತದೆ. ಈಸ್ಟ್ ಇಂಡಿಯಾ ಕಂಪನಿ ಭಾರತಕ್ಕೆ ಕಳಿಸುವ ಆಡಳಿತದ ಪತ್ರಗಳನ್ನು ತಿದ್ದುವ, ಬದಲಿಸುವ ಹಕ್ಕು ಅದಕ್ಕಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಗವರ್ನರ್ ಜನರಲ್ ಆಗಿದ್ದ ವೆಲ್ಲೆಸ್ಲಿ ಅದಕ್ಕೂ ಮೊದಲು ಅದೇ ಬೋರ್ಡಿನ ಸದಸ್ಯ. ಆ ಬೋರ್ಡಿನ ಗತ್ತನ್ನು ಈ ಬೋರ್ಡಿಗೆ ಆರೋಪಿಸಬೇಡಿ. ಅಮೆರಿಕದ ವ್ಯವಹಾರ ನೋಡುತ್ತಿದ್ದ ಬೋರ್ಡನ್ನು ಪಾರ್ಲಿಮೆಂಟ್ ಅದಕ್ಕೆ ಎರಡು ವರ್ಷ ಮೊದಲೇ, 1782ರಲ್ಲಿ, ರದ್ದು ಮಾಡಿತ್ತು.

ಅಧಿಕಾರ ಕಾಗದದ ಮೇಲಿದ್ದರೂ ಕೈಗೆ ಸಿಗುವುದಿಲ್ಲ ಎಂಬುದಕ್ಕೆ ನನಗೆ ಸದಾ ನೆನಪಾಗುವುದು ವಸಾಹತುಗಳ ಮೇಲ್ವಿಚಾರಣೆಗೆ ನೇಮಿಸಿದ 1634ರ ಆಯೋಗ. ಆರ್ಚ್‌ಬಿಷಪ್ ವಿಲಿಯಂ ಲಾಡ್ ಅದರ ಮುಖ್ಯಸ್ಥ. ಕಾನೂನು ಮಾಡುವ, ಗವರ್ನರ್‌ಗಳನ್ನು ತೆಗೆಯುವ, ಸನದು ಹಿಂಪಡೆಯುವ ಅಧಿಕಾರವೆಲ್ಲ ಅದಕ್ಕೆ ಬರೆದುಕೊಟ್ಟಿದ್ದರು. ಬೋರ್ಡಿಗೆ ಇಲ್ಲದ್ದೆಲ್ಲ ಅದಕ್ಕಿತ್ತು. ಅದು ಮ್ಯಾಸಚೂಸೆಟ್ಸ್‌ನವರಿಗೆ ಸನದು ವಾಪಸು ಮಾಡಿ ಎಂದಿತು. ಆ ಸನದನ್ನು ವಸಾಹತಿನ ಮುಖಂಡ ಜಾನ್ ವಿಂಥ್ರಾಪ್‌ನ ಜೊತೆಯವರು 1630ರಲ್ಲೇ ಹಡಗಿನಲ್ಲಿ ಅಮೆರಿಕಕ್ಕೆ ಒಯ್ದಿದ್ದರು. ಬಾಸ್ಟನ್‌ನವರು ವಿನಯದ ಪತ್ರ ಬರೆದರು, ಕಾಲ ತಳ್ಳಿದರು, ಬಂದರಿನ ಕ್ಯಾಸಲ್ ದ್ವೀಪದಲ್ಲಿ ಕೋಟೆ ಕಟ್ಟಿದರು. ಅಷ್ಟರಲ್ಲಿ ಸ್ಕಾಟ್ಲೆಂಡ್ ದಂಗೆ ಎದ್ದಿತು, ಲಾಡ್ ಸೆರೆಯಾದ, 1645ರಲ್ಲಿ ಅವನ ತಲೆಯೇ ಹೋಯಿತು. ಸನದು ಬಾಸ್ಟನ್‌ನಲ್ಲೇ ಉಳಿಯಿತು.

ನಾನು ಹೇಳಿದ್ದನ್ನು ಸೂತ್ರದಂತೆ ಬಾಯಿಪಾಠ ಮಾಡಬೇಡಿ. ಗವರ್ನರ್‌ಗಳಿಗೆ ಪ್ರಶ್ನಾವಳಿ ಕಳಿಸುವುದು, ಪತ್ರ ಬರೆದು ಗದರಿಸುವುದು ಬೋರ್ಡಿನ ಕೈಯಲ್ಲಿತ್ತು. ಹ್ಯಾಲಿಫ್ಯಾಕ್ಸ್ ಅಧ್ಯಕ್ಷನಾಗಿದ್ದಾಗ 1752ರಿಂದ 1761ರವರೆಗೆ ವಸಾಹತಿನ ಹುದ್ದೆಗಳಿಗೆ ಹೆಸರು ಸೂಚಿಸುವ ಹಕ್ಕೂ ಅದಕ್ಕೆ ಸಿಕ್ಕಿತ್ತು. ಆದ್ದರಿಂದ ಪ್ರತಿ ಕಾಗದವನ್ನೂ ಅದರ ಕಾಲದಲ್ಲಿಟ್ಟು ನೋಡಬೇಕು. ಲಂಡನ್ನಿನ ಕ್ಯೂ ಪತ್ರಾಗಾರದಲ್ಲಿ ಅಮೆರಿಕದ ವಸಾಹತುಗಳ ಕಾಗದಗಳಿರುವ ‘ಸಿಒ 5’ ಸರಣಿಯಲ್ಲಿ ನಿವೇದನೆ ಸಿಕ್ಕಿದ ತಕ್ಷಣ ಸಂಭ್ರಮಪಡದೆ, ಅದೇ ಕಟ್ಟಡದಲ್ಲಿರುವ ಪ್ರಿವಿ ಕೌನ್ಸಿಲ್‌ನ ದಾಖಲೆ ಪುಸ್ತಕ ತೆಗೆಸಿ, ಆದೇಶ ಆಯಿತೇ ಎಂದು ಹುಡುಕಿ. ಆದೇಶ ಕಾಣದಿದ್ದರೆ ಕಾಣಲಿಲ್ಲ ಎಂದೇ ಬರೆಯಿರಿ.

ಆ ಹುಡುಗಿ ಹೋದ ವಾರ ಅಧ್ಯಾಯವನ್ನು ತಿದ್ದಿ ತಂದಳು. ‘ಆದೇಶಿಸಿತು’ ಎಂಬುದು ನಾಲ್ಕೇ ಕಡೆ ಉಳಿದಿತ್ತು. ನಾಲ್ಕು ಕಡೆಯೂ ಅದರ ಕರ್ತೃ ಪ್ರಿವಿ ಕೌನ್ಸಿಲ್. 1721ರ ವರದಿಯ ಮುಂದೆ ‘ಶಿಫಾರಸು ಮಾಡಿತು, ಜಾರಿಯಾಗಲಿಲ್ಲ’ ಎಂದಿತ್ತು. ಕೆಳಗೆ ಪೆನ್ಸಿಲ್‌ನಲ್ಲಿ, ಏಕೆ ಜಾರಿಯಾಗಲಿಲ್ಲ ಎಂಬುದನ್ನೇ ಮುಂದಿನ ಅಧ್ಯಾಯ ಮಾಡಬಹುದೇ ಸರ್ ಎಂದು ಕೇಳಿದ್ದಳು. ಮಾಡಮ್ಮ ಎಂದು ಪಕ್ಕದಲ್ಲಿ ಬರೆದು ಕೊಟ್ಟೆ.